ಮದುವೆಯಾದವನು ನಾನೇನಾ?

ಪ್ರಶ್ನೆ: ನಮಸ್ತೆ ಸರ್. "ಮದುವೆ ಆದಾಗ ಇದ್ದ ಮನುಷ್ಯಾನೇ ಅಲ್ಲ ನೀವು" ಅಂತ ನನ್ನ ಹೆಂಡ್ತಿ ದಿನಾ ಬೈತಾಳೆ. ಏಳು ವರ್ಷಕ್ಕೊಂದ್ಸಲ ಮೈಯಲ್ಲಿರೋ ಜೀವಕೋಶ ಎಲ್ಲಾ ಹೊಸದಾಗುತ್ತೆ ಅಂತ ವಾಟ್ಸಾಪಲ್ಲಿ ಬಂದಿತ್ತು. ನಮ್ಮ ಮದುವೆಯಾಗಿ 11 ವರ್ಷ. ಹಾಗಾದ್ರೆ ಅವಳು ಹೇಳೋದು ಸೈನ್ಸ್ ಪ್ರಕಾರ ಸರಿನಾ?
– ಓದುಗರೊಬ್ಬರು, ಭದ್ರಾವತಿ

ಉತ್ತರ: ವಾಟ್ಸಾಪ್ ನಂಬ್ಕೊಂಡು ಹೆಂಡ್ತಿ ಹತ್ರ ವಾದಕ್ಕೆ ಇಳೀಬೇಡಿ ಮಾರಾಯ್ರೆ. ಏಳು ವರ್ಷದ ಲೆಕ್ಕ ಸುಳ್ಳು. ಕರುಳಿನ ಒಳಪದರ ಕೆಲವೇ ದಿನಕ್ಕೆ ಬದಲಾಗುತ್ತೆ, ಕೆಂಪು ರಕ್ತಕಣ ಸುಮಾರು 120 ದಿನ ಬಾಳುತ್ತೆ, ಆದ್ರೆ ಮಿದುಳಿನ ಹೊರಪದರದ ನರಕೋಶಗಳು ಬಹುತೇಕ ಹುಟ್ಟಿದಾಗಿನವೇ, ಕಣ್ಣಿನ ಲೆನ್ಸಿನ ನಡುಭಾಗಾನೂ ಅಷ್ಟೇ. ತಾಳಿ ಕಟ್ಟುವಾಗ ಅವರನ್ನ ನೋಡಿದ ಲೆನ್ಸು ಇವತ್ತೂ ಅದೇ (ಪೊರೆ ಆಪರೇಷನ್ ಆಗಿಲ್ಲ ಅಂದ್ರೆ).

ಸರಿ, ಎಲ್ಲಾನೂ ಬದಲಾಯ್ತು ಅಂತಾನೇ ಇಟ್ಕೊಳ್ಳೋಣ. ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ 1694ರಲ್ಲೇ ಹೇಳಿದ್ದ, ಮೈ ಏನಾದ್ರೂ ಆಗ್ಲಿ, ಹಿಂದೆ ಮಾಡಿದ್ದನ್ನ ‘ನಾನೇ ಮಾಡಿದ್ದು’ ಅನ್ನೋ ಅರಿವಿರೋ ತನಕ ನೀನು ಅದೇ ವ್ಯಕ್ತಿ ಅಂತ. ಕೇಳೋಕೆ ಚೆನ್ನಾಗಿದೆ, ನನಗೆ ಮಾತ್ರ ಒಪ್ಪಿಗೆ ಇಲ್ಲ. ಅಮೆರಿಕದ ಹೆನ್ರಿ ಮೊಲೈಸನ್ ಅನ್ನೋನಿಗೆ ಫಿಟ್ಸ್ ಅಂತ 1953ರಲ್ಲಿ ಮಿದುಳಿನ ಆಪರೇಷನ್ ಮಾಡಿದ್ರು, ಹೊಸ ನೆನಪು ಮೂಡೋಕೆ ಬೇಕಾದ ಹಿಪ್ಪೊಕ್ಯಾಂಪಸ್‌ನ ಬಹುಭಾಗ ಹೋಯ್ತು, ಆಮೇಲೆ 2008ರಲ್ಲಿ ತೀರ್ಕೊಳ್ಳೋ ತನಕ ಹೊಸ ನೆನಪು ಹೆಚ್ಚುಕಮ್ಮಿ ನಿಲ್ಲಲೇ ಇಲ್ಲ. ಬ್ರೆಂಡಾ ಮಿಲ್ನರ್ ಅನ್ನೋ ಮನೋವಿಜ್ಞಾನಿ ಅವನ ಕೈ ಕನ್ನಡೀಲಿ ಮಾತ್ರ ಕಾಣೋ ಹಾಗೆ ಮಾಡಿ, ನಕ್ಷತ್ರದ ಜೋಡಿಗೆರೆ ಮಧ್ಯೆ ಪೆನ್ಸಿಲ್ ಎಳೆಸಿದ್ರು. ಮೊದಲ ದಿನ ಗೆರೆ ದಾಟಿ ಎಲ್ಲೆಲ್ಲೋ ಹೋಗ್ತಿತ್ತು, ಮೂರನೇ ದಿನ ನೀಟಾಗಿ ಬಂತು, ಆದ್ರೆ ಆ ಮನುಷ್ಯನಿಗೆ ಇದನ್ನ ಹಿಂದೆ ಮಾಡಿದ್ದೇ ನೆನಪಿಲ್ಲ! ಲಾಕ್ ಲೆಕ್ಕದಲ್ಲಿ ಮೊದಲ ದಿನ ಗೀಚಿದವನೇ ಬೇರೆ ಆಗ್ಬೇಕು. ಹಾಗಾದ್ರೆ ಪ್ರಾಕ್ಟೀಸ್ ಮಾಡಿದ್ದೊಬ್ಬ, ಪಾಸಾಗಿದ್ದು ಇನ್ನೊಬ್ಬನಾ? ಕಲಿತ ಕೈ ಅವನದ್ದೇ ತಾನೆ. ಅದಕ್ಕೇ ನನಗನ್ಸೋದು, ನೆನಪು ಹೋದ್ರೂ ಕಡಿಯದೆ ಬಂದಿರೋ ಮೈ, ಮಿದುಳು, ರೂಢಿ ಇವೂ ಲೆಕ್ಕಕ್ಕೆ ಬರಲೇಬೇಕು.

ಆ ಲೆಕ್ಕದಲ್ಲಿ ವರ ನೀವೇ, ಮದುವೆ ಸಾಲ ಬಾಕಿ ಇದ್ರೆ ಅದೂ ನಿಮ್ದೇ. ನಿಮ್ಮ ಹೆಂಡ್ತಿ ಹೇಳ್ತಿರೋದು ಬೇರೆ ವಿಷಯ ಅನ್ಸುತ್ತೆ. ಆಗ ಹೇಗಿದ್ರಿ, ಈಗ ಹೇಗಿದೀರಿ ಅನ್ನೋದು. ಅದಕ್ಕೆ ಸೈನ್ಸು ಬೇಕಿಲ್ಲ, ಏನು ಬದಲಾಗಿದೆ ಅಂತ ಅವರನ್ನೇ ಕೇಳಿ, ಲಿಸ್ಟ್ ರೆಡಿ ಇರುತ್ತೆ.