ನೀವು ಕೇಳಿದ್ದು: ತೋಳ, ಕುರಿಹಟ್ಟಿ ಮತ್ತು ಕ್ಲಚ್ ವೈರಿನ ಉರುಳು

ಪ್ರಶ್ನೆ: ಹೋದ ತಿಂಗಳು ರಾತ್ರಿ ನಮ್ಮ ಹಟ್ಟಿಯಿಂದ ಎರಡು ಕುರಿಮರಿ ಹೋದವು. ತೋಳದ್ದೇ ಕೆಲಸ ಅಂತ ಊರಲ್ಲಿ ಕೆಲವರು ಬೈಕಿನ ಕ್ಲಚ್ ವೈರಿನ ಉರುಳು ಕಟ್ಟಿದ್ದಾರೆ, ನನಗೂ ಕಟ್ಟು ಅಂತಾರೆ. ಕಾಟ ಕೊಡುವ ಪ್ರಾಣಿಯನ್ನು ಹಿಡಿಯುವುದೂ ಅಪರಾಧವಾ?
- ಕುರಿ ಸಾಕುವ ಓದುಗ, ಕೊಪ್ಪಳ ಜಿಲ್ಲೆ

ಉತ್ತರ: ಹೌದು, ಅದೂ ಸಣ್ಣ ಅಪರಾಧವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ತೋಳ ಒಂದನೇ ಪಟ್ಟಿಯಲ್ಲಿದೆ, ಹುಲಿ ಇರುವುದೂ ಅದೇ ಪಟ್ಟಿಯಲ್ಲಿ. ಬೇಟೆ ಅಂದ್ರೆ ಕೋವಿ ಹಿಡಿಯುವುದು ಅಂತ ಜಾಸ್ತಿ ಜನ ತಿಳಿದಿದ್ದಾರೆ. ಕಾಯ್ದೆ ಹಾಗೆ ಹೇಳುವುದಿಲ್ಲ. ಉರುಳು ಕಟ್ಟುವುದು, ವಿಷ ಇಡುವುದು, ಹಿಡಿಯಲು ಪ್ರಯತ್ನ ಮಾಡುವುದು, ಎಲ್ಲವೂ ಬೇಟೆಯೇ. ಪ್ರಾಣಿ ಸಿಕ್ಕಿಬೀಳಲೇಬೇಕು ಅಂತಲೂ ಇಲ್ಲ. ಶಿಕ್ಷೆ 3ರಿಂದ 7 ವರ್ಷ ಜೈಲು, ಮೇಲೆ ಕನಿಷ್ಠ 25,000 ರೂಪಾಯಿ ದಂಡ.

ಕ್ಲಚ್ ವೈರಿಗೆ ತೋಳ ಯಾವುದು, ನಿಮ್ಮ ನಾಯಿ ಯಾವುದು ಗೊತ್ತಾಗುವುದಿಲ್ಲ. ಪ್ರಾಣಿ ಎಳೆದಷ್ಟೂ ಅದು ಬಿಗಿಯುತ್ತದೆ. ಕಾಲು ಸಿಕ್ಕರೆ ಚರ್ಮ ಹರಿದು ಮೂಳೆಯವರೆಗೆ ಇಳಿಯುತ್ತದೆ. ಹಟ್ಟಿ ಕಾಯುವ ನಾಯಿಯೇ ರಾತ್ರಿ ಅದಕ್ಕೆ ಸಿಕ್ಕಿ ಬೆಳಗಿನ ತನಕ ನರಳಿದರೆ ಏನು ಮಾಡ್ತೀರಿ?

ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ: ಬಂದದ್ದು ತೋಳವೇ ಅಂತ ಖಾತ್ರಿಯಾ? ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಅಂತಾರಲ್ಲ, ಹಾಗೆ ಯಾರು ತಿಂದರೂ ಹೆಸರು ಅದಕ್ಕೇ. ತೋಳ ಸಾಮಾನ್ಯವಾಗಿ ಗಂಟಲಿಗೆ ಬಾಯಿ ಹಾಕಿ ಮರಿಯನ್ನು ಎತ್ತಿಕೊಂಡೇ ಹೋಗುತ್ತದೆ. ಹಿಂಗಾಲು, ತೊಡೆ, ಕಿವಿ ಎಲ್ಲೆಂದರಲ್ಲಿ ಕಚ್ಚಿ ನಾಲ್ಕಾರು ಕುರಿಗಳನ್ನು ಅಲ್ಲೇ ಬಿಟ್ಟು ಹೋಗಿದ್ದರೆ ಮೊದಲು ಬೀದಿನಾಯಿಗಳ ಮೇಲೆ ಅನುಮಾನ ಪಡಿ.

ಮುಂದೆ ಹೀಗಾದರೆ ಸತ್ತ ಕುರಿಯನ್ನು ಕದಲಿಸಬೇಡಿ. ಗಾಯ, ಹೆಜ್ಜೆ ಕಾಣುವ ಹಾಗೆ ಫೋಟೊ ತೆಗೆದು ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸಿ, ದಯಾತ್ಮಕ ಧನಕ್ಕೆ (ಕಾಡುಪ್ರಾಣಿಯಿಂದ ಆದ ನಷ್ಟಕ್ಕೆ ಸರ್ಕಾರ ಕೊಡುವ ಪರಿಹಾರ) ಅರ್ಜಿ ಕೊಡಿ. ಓಡಾಟ ಇದೆ, ನಿಜ. ಆದರೆ ಕೋರ್ಟಿನ ಓಡಾಟಕ್ಕಿಂತ ಕಡಿಮೆ. ರಾತ್ರಿ ಮರಿಗಳನ್ನು ಹಟ್ಟಿಯ ನಡುವೆ ಕೂಡಿ, ಸುತ್ತ ಎತ್ತರಕ್ಕೆ ಬಲೆ ಕಟ್ಟಿ, ನಾಯಿಗೆ ಮುಳ್ಳಿನ ಪಟ್ಟಿ ಹಾಕಿ, ಒಬ್ಬರು ಅಲ್ಲೇ ಮಲಗಿ. ಇದನ್ನೆಲ್ಲ ನಿಮ್ಮ ಅಜ್ಜ ನನಗಿಂತ ಚೆನ್ನಾಗಿ ಹೇಳಿಯಾರು!

ಪ್ರಶ್ನೆ: ಗುಡ್ಡದ ಬಿಲದಲ್ಲಿ ತೋಳದ ಮರಿ ನೋಡಿದೆವು. ತಾಯಿ ಕಾಣಲಿಲ್ಲ. ತಂದು ಸಾಕಬಹುದಾ?

ಉತ್ತರ: ಬೇಡ. ತಾಯಿ ಅಲ್ಲೇ ಎಲ್ಲೋ ಇದೆ, ನೀವು ಹೋಗಲಿ ಅಂತ ಕಾಯುತ್ತಿರುತ್ತದೆ. ಹಿಡಿದು ತಂದರೆ ಅದೂ ಬೇಟೆಯ ಲೆಕ್ಕವೇ. ಜಾಗದ ಫೋಟೊವನ್ನು ವಾಟ್ಸಾಪ್‌ಗೆ ಹಾಕಬೇಡಿ, ಮಾರನೇ ದಿನವೇ ಯಾರೋ ಬಿಲಕ್ಕೆ ಹೊಗೆ ಹಾಕಿರುತ್ತಾರೆ.

ಪ್ರಶ್ನೆ: ಬಂಕಾಪುರದಲ್ಲಿ ತೋಳಧಾಮ ಆಯಿತಲ್ಲ, ಇನ್ನು ಊರಿನ ಕಡೆ ಬರಲ್ಲ ಅಲ್ವಾ?

ಉತ್ತರ: ಬರುತ್ತವೆ. ಗಂಗಾವತಿ ತಾಲ್ಲೂಕಿನ ಆ ಧಾಮ ಇರುವುದೇ ಸುಮಾರು 332 ಹೆಕ್ಟೇರ್, ಅಂದ್ರೆ ಮೂರು ಚದರ ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ. ಒಂದು ತೋಳದ ಗುಂಪಿನ ಓಡಾಟಕ್ಕೆ ಅದು ಅಂಗಳದಷ್ಟೂ ಅಲ್ಲ. ಬೇಲಿ ಇಲ್ಲದ ಕುರುಚಲು ಗುಡ್ಡ, ಬೀಳು ಹೊಲ, ಮೇಲಿನ ಓದುಗರು ಕುರಿ ಮೇಯಿಸುವ ಹುಲ್ಲುಗಾವಲು, ತೋಳ ಬದುಕುವುದು ಅಲ್ಲಿ.