ನೇಥನ್ ಜವಾಯಿ ಸೋತದ್ದು ಯಾವಾಗ?

ನಮಸ್ಕಾರ.

ಆಸ್ಟ್ರೇಲಿಯಾದ ಬ್ಯಾಸ್ಕೆಟ್‌ಬಾಲ್ ಆಟಗಾರ ನೇಥನ್ ಜವಾಯಿ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಕನ್ನಡದಲ್ಲಿ ಈ ಹೆಸರನ್ನು ನಾನು ಓದಿದ್ದು ಇದೇ ಮೊದಲು. ಗವಾಸ್ಕರ್, ತೆಂಡೂಲ್ಕರ್ ಬಿಟ್ಟು ಯಾರನ್ನೋ ಹುಡುಕಿಕೊಂಡು ಹೋಗಿದ್ದೀರಿ, ಶ್ರಮಪಟ್ಟಿದ್ದೀರಿ, ಭಾಷೆ ಚೆನ್ನಾಗಿದೆ. ಹೊಗಳಿಕೆ ಇಷ್ಟು ಸಾಕು ಅಲ್ವಾ? ನಾನು ನಿಜವಾಗಿ ಹೇಳಬೇಕಾದದ್ದು ಬೇರೆ ಇದೆ. ಲೇಖನದ ಎರಡು ವಾಕ್ಯಗಳು ನಿನ್ನೆ ರಾತ್ರಿಯಿಂದ ನನ್ನ ತಲೆ ತಿನ್ನುತ್ತಿವೆ.

ಮೊದಲನೆಯದು ನಿಮ್ಮ ಆರಂಭ. "ಕಗ್ಗಾಡಿನ ಕುಗ್ರಾಮದಲ್ಲಿ ಅರಳಿದ ಹೂವೊಂದು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಎಂಬ ಸ್ವರ್ಗದ ಬಾಗಿಲಲ್ಲೇ ಬಾಡಿಹೋಯಿತು."

ಹೂವು! ಎರಡು ಮೀಟರ್ ಎಂಟು ಸೆಂಟಿಮೀಟರ್ ಎತ್ತರದ ಆಳು ಮಾರಾಯ್ರೇ. ಅಲ್ಲಿನ ಜನ ಅವರಿಗೆ 'ಔಟ್‌ಬ್ಯಾಕ್ ಶಾಕ್' ಅಂತ ಅಡ್ಡಹೆಸರಿಟ್ಟಿದ್ದರು. ಎನ್‌ಬಿಎಯ ದೈತ್ಯದೇಹಿ 'ಶಾಕ್', ಅಂದರೆ ಶಕೀಲ್ ಓ'ನೀಲ್‌ಗೆ ಹೋಲಿಸಿದ್ದು ಮೈಕಟ್ಟು ನೋಡಿ. ಬುಟ್ಟಿಯ ಕೆಳಗೆ ಬೆನ್ನು ಕೊಟ್ಟು ನಿಂತರೆ ಎದುರಾಳಿ ಅಲ್ಲಾಡಿಸಲು ಆಗದಂಥ ಸೆಂಟರ್. ಹೋಗಲಿ, ಹೂವನ್ನು ಕ್ಷಮಿಸುತ್ತೇನೆ. 'ಕಗ್ಗಾಡಿನ ಕುಗ್ರಾಮ' ಅಂದದ್ದನ್ನು ಮಾತ್ರ ಕ್ಷಮಿಸುವುದಿಲ್ಲ. ಜವಾಯಿ ಹುಟ್ಟಿದ್ದು 1986ರಲ್ಲಿ ಸಿಡ್ನಿಯಲ್ಲಿ, ಬೆಳೆದದ್ದು ಬಮಾಗಾದಲ್ಲಿ. ಕ್ವೀನ್ಸ್‌ಲ್ಯಾಂಡಿನ ಉತ್ತರದ ತುದಿ ಅದು. ಕೇರ್ನ್ಸ್‌ನಿಂದ ರಸ್ತೆಯಲ್ಲಿ ಸುಮಾರು ಸಾವಿರ ಕಿಲೋಮೀಟರ್, ಮಳೆಗಾಲದಲ್ಲಿ ಆ ರಸ್ತೆಯೂ ಮುಚ್ಚಿಹೋಗುತ್ತದೆ. ಆ ಊರು ಯಾಕೆ ಅಲ್ಲಿದೆ ಅಂತ ನೀವು ಒಂದು ಸಲವಾದರೂ ಕೇಳಿಕೊಂಡಿರಾ? ಟೊರೆಸ್ ಜಲಸಂಧಿಯಲ್ಲಿ ಸೈಬಾಯ್ ಅಂತ ಒಂದು ದ್ವೀಪವಿದೆ, ಪಪುವಾ ನ್ಯೂಗಿನಿಗೆ ಅಂಟಿಕೊಂಡ ಹಾಗೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಸಮುದ್ರದ ನೀರು ನುಗ್ಗಿ ಆ ದ್ವೀಪ ಹಾಳಾದಾಗ, ಅಲ್ಲಿನ ಜನ ದೋಣಿ ಹತ್ತಿ ಬಂದು ಕಟ್ಟಿಕೊಂಡ ಊರು ಇದು. ಬಮಾಗಾ ಗಿನಾವು ಎಂಬ ಹಿರಿಯರ ಹೆಸರನ್ನೇ ಊರಿಗೆ ಇಟ್ಟರು. ಆ ಊರು ಕಂಡದ್ದು ಅವರ ಕನಸಿನಲ್ಲಿ, ಕಣ್ಣಾರೆ ನೋಡುವಷ್ಟರಲ್ಲಿ ಅವರೇ ಇರಲಿಲ್ಲ.

ಇಷ್ಟು ದೊಡ್ಡ ಕಥೆಯನ್ನು ಒಂದು 'ಕುಗ್ರಾಮ' ನುಂಗಿಹಾಕಿದೆ ನೋಡಿ. ಊರಿನ ಹೆಸರನ್ನಾದರೂ ಬರೆಯಬೇಕಿತ್ತು. ನಿಮ್ಮ ಲೇಖನದಲ್ಲಿ 'ಬಮಾಗಾ' ಎಂಬ ಪದ ಒಂದೇ ಒಂದು ಸಲವೂ ಇಲ್ಲ. ನಾನು ಎರಡು ಸಲ ಹುಡುಕಿದೆ.

ಇನ್ನು ಎರಡನೆಯ ವಾಕ್ಯ. ಸಿಟ್ಟು ಬಂದದ್ದು ಇಲ್ಲೇ. "ದುರದೃಷ್ಟವಶಾತ್ ಎನ್‌ಬಿಎಯಲ್ಲಿ ನೆಲೆ ಕಾಣದೆ ಆತ ಯುರೋಪಿನ ಚಿಕ್ಕಪುಟ್ಟ ಕ್ಲಬ್‌ಗಳಲ್ಲಿ ದಿನ ದೂಡಬೇಕಾಯಿತು."

ಒಂದೊಂದೇ ಪದ ನೋಡೋಣ. 'ದುರದೃಷ್ಟವಶಾತ್' ಅಂದದ್ದು ಯಾರು, ಅವರೋ ನೀವೋ? 'ಚಿಕ್ಕಪುಟ್ಟ ಕ್ಲಬ್' ಅಂದರೆ ಯಾವುದು? ಬೆಲ್‌ಗ್ರೇಡ್‌ನ ಪಾರ್ಟಿಜಾನ್ 1992ರಲ್ಲೇ ಯುರೋಪಿನ ಚಾಂಪಿಯನ್ ಆಗಿತ್ತು. ಜವಾಯಿ ಇದ್ದ 2010-11ರ ಸೀಸನ್‌ನಲ್ಲಿ ಅದು ಸರ್ಬಿಯಾದ ಲೀಗ್, ಕಪ್, ಜೊತೆಗೆ ಆಡ್ರಿಯಾಟಿಕ್ ಲೀಗ್, ಮೂರನ್ನೂ ಗೆದ್ದಿತು. ಆಮೇಲೆ ರಷ್ಯಾದ ಕಜಾನ್. ಆಮೇಲೆ ಬಾರ್ಸಿಲೋನಾ, ಚಿಕ್ಕಪುಟ್ಟ ಬಾರ್ಸಿಲೋನಾ! 2013ರಲ್ಲಿ ಸ್ಪೇನ್‌ನ ಕಿಂಗ್ಸ್ ಕಪ್ ಗೆದ್ದ ತಂಡದಲ್ಲಿದ್ದವರು ಇವರು. ನಂತರ ಟರ್ಕಿಯ ಗಲಾಟಸರಾಯ್, ಪರ್ತ್ ವೈಲ್ಡ್‌ಕ್ಯಾಟ್ಸ್, ಆಂಡೋರಾ, ಕೊನೆಗೆ ತಾವು ಆಟ ಶುರುಮಾಡಿದ ಕೇರ್ನ್ಸ್ ಟೈಪಾನ್ಸ್‌ಗೇ ವಾಪಸ್. 'ದಿನ ದೂಡುವುದು' ಅಂದರೆ ಇದೇನಾ? ಹಾಗಿದ್ದರೆ ನನಗೂ ಸ್ವಲ್ಪ ದಿನ ದೂಡಲು ಕೊಡಿ.

ನನಗೂ ಈ ಚಾಳಿ ಇತ್ತು. ಇಪ್ಪತ್ಮೂರನೇ ವಯಸ್ಸಿನಲ್ಲಿ ಹುಬ್ಬಳ್ಳಿಯಲ್ಲಿ ಒಂದು ಪತ್ರಿಕೆಯ ಕ್ರೀಡಾ ಪುಟಕ್ಕೆ ಟ್ರೇನಿಯಾಗಿ ಸೇರಿದ್ದೆ. ರೈಲ್ವೆ ತಂಡಕ್ಕೆ ವರ್ಷಗಟ್ಟಲೆ ಕಬಡ್ಡಿ ಆಡಿ ನಿವೃತ್ತರಾದವರೊಬ್ಬರ ಬಗ್ಗೆ ಬರೆಯಲು ಹೇಳಿದರು. ನಾನು ದೊಡ್ಡದಾಗಿ, "ಭಾರತ ತಂಡದ ಬಾಗಿಲು ಇವರಿಗೆ ತೆರೆಯಲೇ ಇಲ್ಲ" ಅಂತ ಬರೆದೆ. ಬರೆದು ಕಣ್ಣು ಒದ್ದೆ ಮಾಡಿಕೊಂಡೆ ಕೂಡ. ಅಚ್ಚಾದ ಮಾರನೇ ದಿನ ಅವರು ಪೇಪರ್ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಆಫೀಸಿಗೇ ಬಂದರು. ಬೈತಾರೆ ಅಂದುಕೊಂಡೆ. ಚಹಾ ಕುಡಿದು ನಗುತ್ತಾ, "ತಮ್ಮಾ, ಬಾಗಲಾ ತೆರೀಲಿಲ್ಲಂತ ಬರದೀಯಲ್ಲ, ನಾ ಏನ್ ಅಲ್ಲೇ ಹೊರಗ ನಿಂತಿದ್ನೇನು? ಮ್ಯಾಚ್ ಆಡಾಕ ಹೋಗಿದ್ನೋ!" ಅಂದರು. ಪಕ್ಕದಲ್ಲಿದ್ದ ಚೀಫ್ ಸಬ್ ಎಷ್ಟು ನಕ್ಕರೆಂದರೆ, ನಾನು ಅಲ್ಲಿರುವ ತನಕ ಅವರು ನನ್ನನ್ನು 'ಬಾಗಲಾ' ಅಂತಲೇ ಕರೆದರು.

ಹಾಗಂತ ಎನ್‌ಬಿಎ ಭಾಗವನ್ನು ಬಿಟ್ಟುಬಿಡಿ ಅನ್ನುತ್ತಿಲ್ಲ. ಅದನ್ನೇ ಜಾಸ್ತಿ ಬರೆಯಬೇಕಿತ್ತು. ನೀವು "ನಂತರ ತಂಡಗಳು ಬದಲಾದವು" ಅಂತ ಮೂರು ಪದದಲ್ಲಿ ಮುಗಿಸಿದ್ದೀರಿ. ಆಗಿದ್ದೇನು? ಆಸ್ಟ್ರೇಲಿಯಾ ಲೀಗಿನ ವರ್ಷದ ಹೊಸ ಆಟಗಾರ ಅನ್ನಿಸಿಕೊಂಡ ಬೆನ್ನಲ್ಲೇ, ಎನ್‌ಬಿಎ ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವ 2008ರ ಡ್ರಾಫ್ಟ್‌ನಲ್ಲಿ ಇಂಡಿಯಾನಾ ತಂಡ ಇವರನ್ನು 41ನೆಯವರಾಗಿ ಆರಿಸಿತು. ಅಷ್ಟರಲ್ಲೇ ಅದೇ ತಂಡದ ಆಟಗಾರ ಜರ್ಮೇನ್ ಓ'ನೀಲ್ ಟೊರಾಂಟೊಗೆ ಹೋದ ವ್ಯವಹಾರದಲ್ಲಿ ಇವರೂ ಹೋದರು, ಸಂತೆಯಲ್ಲಿ ಎತ್ತಿನ ಜೊತೆ ಹಗ್ಗ ಕೊಡುತ್ತಾರಲ್ಲ ಹಾಗೆ. ಅಲ್ಲಿ ವೈದ್ಯಕೀಯ ತಪಾಸಣೆ ಮಾಡಿದಾಗ ಹೃದಯದಲ್ಲಿ ಏನೋ ತೊಂದರೆ ಕಂಡಿತು. ಆಟ ನಿಲ್ಲಿಸಿದರು. ತಿಂಗಳುಗಟ್ಟಲೆ ಕಾದು 2009ರ ಜನವರಿಯಲ್ಲಿ ಅಂಕಣಕ್ಕೆ ಇಳಿದಾಗ, ಎನ್‌ಬಿಎಯಲ್ಲಿ ಆಡಿದ ಮೊದಲ ಆಸ್ಟ್ರೇಲಿಯಾ ಮೂಲನಿವಾಸಿ ಅವರು. ಟೊರಾಂಟೊಗೆ ಆಡಿದ್ದು 6 ಪಂದ್ಯ. ಮತ್ತೆ ಡಲ್ಲಾಸ್‌ಗೆ ಕೊಟ್ಟರು, ಅಲ್ಲಿ ಒಂದೂ ಪಂದ್ಯ ಆಡುವ ಮೊದಲೇ ಮಿನೆಸೋಟಾಗೆ ದಾಟಿಸಿದರು. ಅಲ್ಲಿ 39. ಇಪ್ಪತ್ತೆರಡರ ಹುಡುಗ, ಎದೆ ಪರೀಕ್ಷೆಯ ವರದಿಗೆ ಕಾಯುತ್ತಾ ಟೊರಾಂಟೊದ ಚಳಿಯಲ್ಲಿ ಕೂತಿದ್ದಾನೆ, ಬೆಳೆದ ಊರಿನಲ್ಲಿ ಆಗ ಬಿಸಿಲು ಮಳೆ ಎರಡೂ. ನಿಮ್ಮ ಲೇಖನ ಶುರುವಾಗಬೇಕಾದದ್ದು ಇಲ್ಲಿಂದ.

ಉಳಿದ ಸಣ್ಣಪುಟ್ಟದ್ದನ್ನು ನಾನು ನೋಡಿಕೊಳ್ಳುತ್ತೇನೆ. ಆ ಎರಡು ವಾಕ್ಯ ಕಿತ್ತುಹಾಕಿ, ಬಮಾಗಾ ಸೇರಿಸಿ, ಹದಿನೈದು ದಿನದಲ್ಲಿ ಮತ್ತೆ ಕಳಿಸಿ. ಹಾಂ, ಮರೆತಿದ್ದೆ. ಅವರ ಹೆಸರನ್ನು ಜವಾಯಿ, ಜಾವೈ, ಜವಯ್ ಅಂತ ಮೂರು ಥರ ಬರೆದಿದ್ದೀರಿ. ಯಾವುದಾದರೂ ಒಂದನ್ನು ಇಟ್ಟುಕೊಳ್ಳಿ.