ಬಾಣಂತನದ ಉದ್ಯಮ ಮತ್ತು ಬಾಯಿಮಾತಿನ ಪ್ರಚಾರ: ಒಂದು ಆಪ್ತಸಲಹೆ ಪ್ರಕರಣ

ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ಬಾಣಂತನದ ಸೇವೆ ನಡೆಸುವ ಕನ್ನಡ ಕುಟುಂಬವೊಂದರ ಅತ್ತೆ ಮತ್ತು ಸೊಸೆ ಆಪ್ತಸಲಹೆಗೆ ಬರುವ ಹೊತ್ತಿಗೆ ಅವರಿಬ್ಬರ ನಡುವೆ ನೇರ ಮಾತುಕತೆ ನಿಂತುಹೋಗಿತ್ತು. ಒಬ್ಬರು ಹೇಳಬೇಕಾದುದನ್ನು ಮಗನ ಮೂಲಕವೋ ಮೊಮ್ಮಗಳ ಮೂಲಕವೋ ಇನ್ನೊಬ್ಬರಿಗೆ ತಲುಪಿಸುತ್ತಿದ್ದರು. ಕಾರಣವೇನೆಂದು ಕೇಳಿದರೆ ಇಬ್ಬರ ಉತ್ತರವೂ ಒಂದೇ ಆಗಿತ್ತು: ಉದ್ಯಮದ ಪ್ರಚಾರ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ, ಇಬ್ಬರ ಒಪ್ಪಿಗೆಯನ್ನೂ ಪಡೆದು ಈ ಪ್ರಕರಣವನ್ನು ದಾಖಲಿಸುತ್ತಿದ್ದೇನೆ. ಮುಂಬಯಿಯ ಕನ್ನಡಿಗರಲ್ಲಿ ಮನೆಮಂದಿಯೇ ಸೇರಿ ನಡೆಸುವ ಇಂತಹ ಸಣ್ಣ ಉದ್ಯಮಗಳು ಅನೇಕ ಇರುವುದರಿಂದ ಇದು ಇತರರಿಗೂ ಉಪಯೋಗಕ್ಕೆ ಬರಬಹುದು.

ಅತ್ತೆಯವರು ಧಾರವಾಡದ ಕಡೆಯಿಂದ ಮದುವೆಯಾಗಿ ಇಲ್ಲಿಗೆ ಬಂದವರು. ಅಕ್ಕಪಕ್ಕದ ಮನೆಗಳ ಬಾಣಂತಿಯರಿಗೆ ಎಣ್ಣೆ ಹಚ್ಚಿ ನೀರು ಹಾಕುವುದು, ಕೂಸಿಗೆ ಎರೆಯುವುದು, ಅಂಟಿನುಂಡೆ ಮತ್ತು ಅಳವಿ ಉಂಡೆ ಕಟ್ಟಿಕೊಡುವುದು ಮೊದಲು ಅವರಿಗೆ ಕೇವಲ ನೆರೆಹೊರೆಯ ಕೆಲಸವಾಗಿತ್ತು. ಊರಿನಿಂದ ಹೆತ್ತ ತಾಯಿ ಬಂದು ತಿಂಗಳುಗಟ್ಟಲೆ ಉಳಿಯಲು ಜಾಗವಿಲ್ಲದ ಒಂದು ಕೋಣೆ, ಒಂದು ಅಡುಗೆಮನೆಯ ಮನೆಗಳಲ್ಲಿ ಆ ಕೆಲಸಕ್ಕೆ ಬೇಡಿಕೆ ಹೆಚ್ಚುತ್ತ ಹೋಗಿ ಕ್ರಮೇಣ ಅದೇ ಜೀವನೋಪಾಯವಾಯಿತು. ಎರಡನೆಯ ಮಗುವಾದ ಮೇಲೆ ಸೊಸೆ ಉದ್ಯೋಗ ಬಿಟ್ಟು ಇದಕ್ಕೇ ಸೇರಿಕೊಂಡರು. ಈಗ ಇಬ್ಬರು ಸಹಾಯಕಿಯರಿದ್ದಾರೆ, ಒಂದು ಮನೆಗೆ ನಲವತ್ತು ದಿನಗಳ ಸೇವೆ ಎಂಬ ಕ್ರಮವಿದೆ, ಸೊಸೆ ಬರೆದಿಡುವ ಲೆಕ್ಕದ ಪುಸ್ತಕವೂ ಇದೆ.

ಬರುವ ಕರೆಗಳು ಕಡಿಮೆಯಾದಾಗ ಪ್ರಚಾರದ ಪ್ರಶ್ನೆ ಎದ್ದಿತು. ಸೊಸೆ ಇನ್‌ಸ್ಟಾಗ್ರಾಂ ಪುಟವೊಂದನ್ನು ತೆರೆದು, ಒಂದು ಮನೆಯ ಕೂಸಿಗೆ ಎರೆಯುವ ದೃಶ್ಯವನ್ನು ಹಾಕಿದರು. ಕೂಸಿನ ತಂದೆ ಬಾಯಿಮಾತಿನಲ್ಲಿ ಒಪ್ಪಿದ್ದರು; ಬಾಣಂತಿಯನ್ನು ಯಾರೂ ಕೇಳಿರಲಿಲ್ಲ, ಕೂಸಿನ ಅಜ್ಜಿಗಂತೂ ದೃಷ್ಟಿ ತಗುಲೀತೆಂಬ ಸಂಕಟ. ಇದೇ ಹೊತ್ತಿಗೆ ಅತ್ತೆಯವರು ಒಂದು ಸೀಮಂತದ ಮನೆಯಲ್ಲಿ, ತಮ್ಮ ಅನುಭವವನ್ನು ಹೇಳಿಕೊಳ್ಳುವ ಭರದಲ್ಲಿ, ಇನ್ನೊಂದು ಮನೆಯ ಬಾಣಂತಿ ವಾರಗಟ್ಟಲೆ ಅಳುತ್ತಿದ್ದುದನ್ನೂ ತಾವು ಅವಳನ್ನು ಸಮಾಧಾನಪಡಿಸಿದ್ದನ್ನೂ ವಿವರಿಸಿದ್ದರು. ಹೆಸರು ಹೇಳದಿದ್ದರೂ ಕಟ್ಟಡದ ಹೆಸರು ಬಾಯಿಗೆ ಬಂದಿತ್ತು. ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿಯೂ ಬೆಳಗಿನ ಲೋಕಲ್ ರೈಲಿನ ಮಹಿಳೆಯರ ಡಬ್ಬಿಯಲ್ಲಿಯೂ ಭೇಟಿಯಾಗುವ ಜನರ ನಡುವೆ ಅಷ್ಟು ಗುರುತೇ ಸಾಕಾಯಿತು. ಆ ಮನೆಯವರು ಗೂಗಲ್‌ನಲ್ಲಿ ಒಂದೇ ನಕ್ಷತ್ರ ಕೊಟ್ಟು, ತಮ್ಮ ಮನೆಯ ವಿಷಯವನ್ನು ಹೊರಗೆ ಹೇಳಿದರೆಂದು ಬರೆದರು. ಸೊಸೆ ಅತ್ತೆಯ ನಾಲಿಗೆಯನ್ನು ದೂರಿದರು, ಅತ್ತೆ ಸೊಸೆಯ ಮೊಬೈಲನ್ನು ದೂರಿದರು.

ಇಬ್ಬರನ್ನೂ ಮೊದಲು ಪ್ರತ್ಯೇಕವಾಗಿ ಕೇಳಿದೆ. ಸೊಸೆಯ ನೋವು ಗೂಗಲ್‌ನ ಆ ವಿಮರ್ಶೆಗಿಂತ ಹಳೆಯದಾಗಿತ್ತು. “ಫೋನ್ ಎತ್ತುವವಳು ನಾನು, ಲೆಕ್ಕ ಇಡುವವಳು ನಾನು, ಸಹಾಯಕಿ ಬರದಿದ್ದರೆ ಓಡುವವಳೂ ನಾನೇ. ಕಾರ್ಡಿನಲ್ಲಿ ಮಾತ್ರ ನಾನಿಲ್ಲ” ಎಂದರು. ವಿಸಿಟಿಂಗ್ ಕಾರ್ಡಿನಲ್ಲಿ ಅತ್ತೆಯ ಹೆಸರು ಮತ್ತು ಭಾವಚಿತ್ರ ಮಾತ್ರ ಇದ್ದವು. ರಾತ್ರಿ ಎಚ್ಚರವಾದಾಗಲೆಲ್ಲ ಆ ವಿಮರ್ಶೆಯನ್ನು ತೆರೆದು ಓದುವ ಅಭ್ಯಾಸ ಅವರಿಗೆ ಅಂಟಿಕೊಂಡಿತ್ತು, ನಿದ್ರೆ ಕೆಟ್ಟಿತ್ತು, ಮಕ್ಕಳ ಮೇಲೆ ರೇಗುವುದು ಹೆಚ್ಚಾಗಿತ್ತು. ಅತ್ತೆಯವರದು ಬೇರೆ ಭಯ. “ನಾ ಎರದ ಕೂಸುಗಳ ಮದುವಿ ಆಗ್ಯಾವ ಮೇಡಂ. ನನ್ನ ಹೆಸರು ಮಂದಿ ಬಾಯಾಗ ಐತಿ. ಅದನ್ನ ಮೊಬೈಲಿನ್ಯಾಗ ಹಾಕಿದ್ರ ನಾಳೆ ನನ್ನ ಯಾರು ಕೇಳತಾರ?” ಎಂದರು. ಕೆಲಸದ ಹಿಡಿತ ತಪ್ಪಿದರೆ ಮನೆಯಲ್ಲಿ ತಮ್ಮ ಸ್ಥಾನವೂ ತಪ್ಪುತ್ತದೆ ಎಂಬ ಆತಂಕ ಆ ಪ್ರಶ್ನೆಯೊಳಗಿತ್ತು.

ಜಂಟಿ ಭೇಟಿಯಲ್ಲಿ ನಾನು ಮುಂದಿಟ್ಟ ಮೊದಲ ವಿಷಯವೆಂದರೆ ಇಬ್ಬರೂ ಒಂದೇ ಕೆಲಸ ಮಾಡಿದ್ದಾರೆ ಎಂಬುದು. ಕೂಸಿನ ದೃಶ್ಯವನ್ನು ಹಾಕಿದ ಸೊಸೆಯಾಗಲಿ, ಬಾಣಂತಿಯ ಅಳುವನ್ನು ಹೇಳಿದ ಅತ್ತೆಯಾಗಲಿ, ಒಂದು ಮನೆಯ ಒಳಗಿನದನ್ನು ತಂದು ಹೊರಗೆ ತಮ್ಮ ಉದ್ಯಮದ ಗುಣಕ್ಕೆ ಸಾಕ್ಷಿಯಾಗಿ ತೋರಿಸಿದ್ದರು. ಸಾಧನ ಬೇರೆಯಾಗಿತ್ತು, ಅಷ್ಟೆ. ಹೆರಿಗೆಯಾದ ಹೆಣ್ಣು ತನ್ನ ದೇಹವನ್ನೂ ಮನಸ್ಸನ್ನೂ ನಂಬಿ ಒಪ್ಪಿಸುವ ಇಂತಹ ಸೇವೆಯಲ್ಲಿ ಅನುಭವವನ್ನು ಹೊರಗೆ ಹೇಳುವ ಹಕ್ಕು ಸೇವೆ ಪಡೆದವಳದು. ಅವಳು ತಾನಾಗಿ ಹೇಳಿದರೆ ಅದು ಬಾಯಿಮಾತಿನ ಪ್ರಚಾರ. ಅವಳ ಪರವಾಗಿ ಸೇವೆ ಕೊಟ್ಟವರೇ ಹೇಳಿದರೆ, ಎಷ್ಟೇ ಒಳ್ಳೆಯ ಉದ್ದೇಶವಿದ್ದರೂ, ಅದು ವಿಶ್ವಾಸಭಂಗ. ಇದನ್ನು ಕೇಳಿ ಅತ್ತೆಯವರು ಬಹಳ ಹೊತ್ತು ಮಾತನಾಡಲಿಲ್ಲ. ಸೊಸೆ ಮಾತ್ರ ತಂದೆಯ ಒಪ್ಪಿಗೆ ಇತ್ತಲ್ಲ ಎಂದು ವಾದಿಸಿದರು, ಆ ವಾದಕ್ಕೆ ಉತ್ತರ ಕೊಡಬೇಕಾಯಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷದೊಳಗಿನವರನ್ನೆಲ್ಲ ಮಕ್ಕಳೆಂದು ಪರಿಗಣಿಸಿ, ಅವರ ಮಾಹಿತಿಯ ಬಳಕೆಗೆ ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆಯನ್ನು ಬಯಸುತ್ತದೆ. ಕಾನೂನು ಒತ್ತಟ್ಟಿಗಿರಲಿ, ಬಾಣಂತಿಯೂ ದೃಶ್ಯದಲ್ಲಿರುವಾಗ ಅವಳನ್ನು ಕೇಳದೆ ಗಂಡನೊಬ್ಬನ ಒಪ್ಪಿಗೆಯನ್ನು ಸಾಕೆನ್ನುವುದು ನನಗೆ ಒಪ್ಪಿಗೆಯಾಗುವ ಮಾತಲ್ಲ.

ಬಳಿಕ ಇಬ್ಬರಿಗೂ ಒಂದು ಮನೆಗೆಲಸ ಕೊಟ್ಟೆ. ಹಿಂದಿನ ಎರಡು ವರ್ಷಗಳಲ್ಲಿ ಸೇವೆ ಪಡೆದ ಒಂದೊಂದು ಮನೆಯ ಮುಂದೆಯೂ, ಆ ಮನೆಗೆ ಇವರ ವಿಷಯ ಹೇಳಿದವರು ಯಾರು ಮತ್ತು ಒಪ್ಪಿಕೊಳ್ಳಲು ಕಾರಣವೇನು ಎಂದು ಜೊತೆಯಾಗಿ ಕುಳಿತು ಬರೆಯಬೇಕು. ನೆನಪಿಲ್ಲದಿದ್ದರೆ ಫೋನ್ ಮಾಡಿ ಕೇಳಬೇಕು. ಪರಸ್ಪರ ಮಾತನಾಡದೆ ಪೂರೈಸಲಾಗದ ಕೆಲಸವನ್ನು ಉದ್ದೇಶಪೂರ್ವಕವಾಗಿಯೇ ಆರಿಸಿದ್ದೆ. ಆದರೆ ಆ ಹಾಳೆಗಳು ಉದ್ಯಮದ ಬಗ್ಗೆಯೂ ಬಹಳಷ್ಟನ್ನು ತಿಳಿಸಿದವು. ಹೆಚ್ಚಿನ ಮನೆಗಳು ಬೆರಳೆಣಿಕೆಯ ಕೆಲವು ಹೆಂಗಸರ ಮಾತಿನಿಂದ ಬಂದಿದ್ದವು, ಮತ್ತು ಅವರಲ್ಲಿ ಕೆಲವರು ಕನ್ನಡಿಗರಲ್ಲ, ವಸತಿ ಸೊಸಾಯಿಟಿಯ ಮರಾಠಿ ಅಜ್ಜಿಯರು. ಅತ್ತೆಯ ಕೈಗುಣವನ್ನು ಬಹುತೇಕ ಎಲ್ಲರೂ ಹೊಗಳಿದ್ದರು. ಆದರೆ ಒಪ್ಪಿಕೊಳ್ಳಲು ಕಾರಣವೇನೆಂದು ಕೇಳಿದಾಗ, ಮೊದಲ ಫೋನಿನಲ್ಲಿ ತಮ್ಮ ಹೆದರಿಕೆಯನ್ನು ಪೂರ್ತಿ ಕೇಳಿಸಿಕೊಂಡು, ಹಣದ ವಿಷಯವನ್ನು ಸ್ಪಷ್ಟವಾಗಿ ಹೇಳಿದರು ಎಂಬ ಉತ್ತರ ಹಲವು ಮನೆಗಳಿಂದ ಬಂತು. ಆ ಫೋನಿನಲ್ಲಿ ಮಾತನಾಡಿದವರು ಸೊಸೆ. ಆ ಉತ್ತರಗಳನ್ನು ಓದಿ ಹೇಳಿದವರು ಅತ್ತೆ, ಏಕೆಂದರೆ ಆ ಮನೆಗಳಿಗೆ ಫೋನ್ ಮಾಡಿದ್ದು ಅವರೇ.

ಇಲ್ಲಿಂದ ಮುಂದೆ ಸಲಹೆಯ ಮಾತು ಸುಲಭವಾಯಿತು. ಒಂದು ಮನೆಗೆ ಬಾಣಂತನ ಬೇಕಾಗುವುದು ಒಂದೆರಡು ಸಲ ಮಾತ್ರವಾದ್ದರಿಂದ ಈ ಉದ್ಯಮಕ್ಕೆ ಮತ್ತೆ ಮತ್ತೆ ಬರುವ ಗಿರಾಕಿ ಇಲ್ಲ. ಸೇವೆ ಮುಗಿಸಿದ ಮನೆಯೇ ಮುಂದಿನ ಮನೆಗೆ ದಾರಿ. ಆ ಮಾತು ಯಾವಾಗ, ಎಲ್ಲಿ ನಡೆಯುತ್ತದೆ ಎಂಬುದನ್ನು ಗಮನಿಸಬೇಕೆಂದೆ. ಮಹಾರಾಷ್ಟ್ರದ ಮನೆಗಳಲ್ಲಿ ಸಾಮಾನ್ಯವಾಗಿ ಹನ್ನೆರಡನೆಯ ದಿನ ನಡೆಯುವ ಬಾರಸೆ ಎಂಬ ನಾಮಕರಣ, ಗರ್ಭಿಣಿಗೆ ಮಾಡುವ ಡೋಹಾಳೆ ಜೇವಣ, ನಮ್ಮವರ ಸೀಮಂತ, ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ನಡೆಯುವ ಅರಿಶಿನ ಕುಂಕುಮ, ಇವೆಲ್ಲ ಗರ್ಭಿಣಿಯರೂ ತಾಯಂದಿರೂ ಅಜ್ಜಿಯರೂ ಒಂದೆಡೆ ಕೂಡುವ ಸಂದರ್ಭಗಳು. ರಾಷ್ಟ್ರೀಯ ಲಸಿಕೆ ಪಟ್ಟಿಯ ಪ್ರಕಾರ ಕೂಸಿಗೆ 6, 10 ಮತ್ತು 14ನೆಯ ವಾರಗಳಲ್ಲಿ ಲಸಿಕೆ ಇರುತ್ತದೆ. ನಲವತ್ತು ದಿನಗಳ ಸೇವೆ ಮುಗಿಯುವ ಹೊತ್ತಿಗೇ ತಾಯಿ ಮೊದಲ ಬಾರಿಗೆ ಇತರ ತಾಯಂದಿರ ಪಕ್ಕದಲ್ಲಿ ಸರದಿಗಾಗಿ ಕುಳಿತಿರುತ್ತಾಳೆ. ಅಲ್ಲಿ ಅವಳ ಬಳಿ ಒಂದು ಕಾರ್ಡು ಇದ್ದರೆ ಸಾಕು. ಅರಿಶಿನ ಕುಂಕುಮಕ್ಕೆ ಹೋಗುವಾಗ ವಾಣದ (ಅಲ್ಲಿ ಕೊಡುವ ಸಣ್ಣ ಉಡುಗೊರೆಯ) ಜೊತೆ ಎರಡು ಅಳವಿ ಉಂಡೆಗಳನ್ನು ಕೊಡುವ ಆಲೋಚನೆ ಅತ್ತೆಯವರದೇ, ಅದು ನನಗೆ ಬಹಳ ಹಿಡಿಸಿತು. ತಿಂಡಿಯನ್ನು ಮಾರುವುದಾದರೆ ಮನೆಯ ಅಡುಗೆಗೂ 2006ರ ಆಹಾರ ಸುರಕ್ಷತಾ ಕಾಯ್ದೆಯಡಿ ನೋಂದಣಿ ಬೇಕು ಮತ್ತು 14 ಅಂಕಿಗಳ ಆ ಸಂಖ್ಯೆ ಪೊಟ್ಟಣದ ಮೇಲಿರಬೇಕು ಎಂದು ನೆನಪಿಸಿದೆ.

ಸೇವೆ ಮುಗಿದ ಮನೆಗೆ ಕೂಸಿನ ಮೂರನೆಯ ತಿಂಗಳಲ್ಲಿ ಒಂದು ಫೋನ್ ಮಾಡಬೇಕೆಂದೂ, ಆ ಫೋನಿನಲ್ಲಿ ತಾಯಿಯ ಆರೋಗ್ಯವನ್ನಷ್ಟೇ ವಿಚಾರಿಸಬೇಕೆಂದೂ, ಬೇರೆಯವರಿಗೆ ಹೇಳಿ ಎಂಬ ಬೇಡಿಕೆಯನ್ನು ಅದಕ್ಕೆ ಸೇರಿಸಬಾರದೆಂದೂ ಹೇಳಿದೆ. ಬೇಡಿಕೆ ಸೇರಿದ ಕೂಡಲೇ ವಿಚಾರಣೆಯ ಬೆಲೆ ಇಳಿಯುತ್ತದೆ. ಗೂಗಲ್‌ನಲ್ಲಿ ಅನುಭವ ಬರೆಯಿರಿ ಎಂದು ಕೇಳಿಕೊಳ್ಳಬಹುದು. ಆದರೆ ಬರೆದವರಿಗೆ ರಿಯಾಯಿತಿಯನ್ನೋ ಉಡುಗೊರೆಯನ್ನೋ ಕೊಡುವುದು ಗೂಗಲ್‌ನ ನಿಯಮಕ್ಕೇ ವಿರುದ್ಧ. ಮನೆಯಿಂದ ನಡೆಯುವ ಉದ್ಯಮವಾದ್ದರಿಂದ ಅಲ್ಲಿ ವಿಳಾಸವನ್ನು ಮರೆಮಾಡಿ, ಸೇವೆ ದೊರೆಯುವ ಪ್ರದೇಶವನ್ನು ಮಾತ್ರ ತೋರಿಸುವ ಅನುಕೂಲವಿದೆ. ಚಿಕ್ಕ ಮಕ್ಕಳಿರುವ ಮನೆಗೆ ಅದು ಒಳ್ಳೆಯದು.

ಮಗ ಸಿದ್ಧಪಡಿಸಿದ್ದ ಕರಪತ್ರದ ಬಗ್ಗೆ ನಾನು ಸ್ವಲ್ಪ ಕಠಿಣವಾಗಿಯೇ ಮಾತನಾಡಬೇಕಾಯಿತು. ಮಾಲೀಸಿನಿಂದ ಕೂಸಿನ ಬಣ್ಣ ತಿಳಿಯಾಗುತ್ತದೆ, ನಲವತ್ತು ದಿನಗಳಲ್ಲಿ ಹೊಟ್ಟೆ ಮೊದಲಿನಂತಾಗುತ್ತದೆ ಎಂಬ ಸಾಲುಗಳು ಅದರಲ್ಲಿದ್ದವು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಮತ್ತು ಅದರಡಿ 2022ರ ಜೂನ್‌ನಲ್ಲಿ ಬಂದ ಮಾರ್ಗಸೂಚಿಗಳು ದಾರಿತಪ್ಪಿಸುವ ಜಾಹೀರಾತನ್ನು ನಿಷೇಧಿಸುತ್ತವೆ. ಅದಕ್ಕಿಂತ ಮುಖ್ಯವಾಗಿ, ಇಂತಹ ಭರವಸೆಯನ್ನು ನಂಬಿದ ಬಾಣಂತಿ ನಲವತ್ತೊಂದನೆಯ ದಿನ ಕನ್ನಡಿಯ ಮುಂದೆ ನಿಂತು ತನ್ನನ್ನೇ ಹಳಿದುಕೊಳ್ಳುತ್ತಾಳೆ. ಕರಪತ್ರದ ಕೊನೆಯಲ್ಲಿ ಆರು ತಿಂಗಳ ಕೂಸಿಗೆ ರಾಗಿ ಸರಿಯ ಹಿಟ್ಟಿನ ಜಾಹೀರಾತೂ ಇತ್ತು. ಶಿಶು ಹಾಲಿನ ಬದಲಿಗಳು, ಹಾಲೂಡಿಸುವ ಬಾಟಲಿಗಳು ಮತ್ತು ಶಿಶು ಆಹಾರಗಳ ಕುರಿತ 1992ರ ಕಾಯ್ದೆ, 2003ರ ತಿದ್ದುಪಡಿಯೊಂದಿಗೆ, ಎರಡು ವರ್ಷದವರೆಗಿನ ಶಿಶು ಆಹಾರದ ಜಾಹೀರಾತನ್ನೇ ನಿಷೇಧಿಸಿದೆ. ಇದು ದೊಡ್ಡ ಕಂಪನಿಗಳಿಗಷ್ಟೇ ಅನ್ವಯಿಸುತ್ತದೆ ಎಂದು ಮಗ ತಿಳಿದಿದ್ದರು. ಆ ಸಾಲನ್ನು ತೆಗೆಯಿಸಿ, ಹಿಟ್ಟನ್ನು ಮಾರುವ ಮೊದಲು ವಕೀಲರನ್ನು ಕೇಳುವಂತೆ ಹೇಳಿದೆ.

ನರ್ಸಿಂಗ್ ಹೋಮಿನ ವೈದ್ಯರಿಗೆ ಕಮಿಷನ್ ಕೊಟ್ಟು ಗಿರಾಕಿಗಳನ್ನು ಪಡೆಯುವ ಮಗನ ಇನ್ನೊಂದು ಪ್ರಸ್ತಾಪವನ್ನು ಇಬ್ಬರು ಹೆಂಗಸರೂ ಮೊದಲೇ ತಳ್ಳಿಹಾಕಿದ್ದರು. ವೈದ್ಯರ ವೃತ್ತಿ ನಡತೆಯ 2002ರ ನಿಯಮಗಳು ಅದನ್ನು ನಿಷೇಧಿಸುತ್ತವೆ ಎಂದು ತಿಳಿಸಿದಾಗ ಮಗನೂ ಸುಮ್ಮನಾದರು. ಇಲ್ಲಿನ ಕನ್ನಡ ಪತ್ರಿಕೆಯಲ್ಲಿ ಸಣ್ಣ ಜಾಹೀರಾತು ಕೊಡುವುದು, ಸಂಘದ ಸ್ಮರಣ ಸಂಚಿಕೆಯಲ್ಲಿ ಅರ್ಧ ಪುಟ ಪಡೆಯುವುದು ತಪ್ಪಲ್ಲ. ಆದರೆ ಹಾಳೆಗಳ ಪ್ರಕಾರ ಅರ್ಧದಷ್ಟು ಮನೆಗಳು ಮರಾಠಿ ಮಾತನಾಡುವವರಾದ್ದರಿಂದ, ಇರುವ ಸ್ವಲ್ಪ ಹಣವನ್ನು ಎರಡೂ ಭಾಷೆಗಳ ಕಾರ್ಡಿಗೆ ಹಾಕುವುದೇ ಮೇಲು ಎಂದೆ. ಇನ್‌ಸ್ಟಾಗ್ರಾಂ ಪುಟವನ್ನು ಮುಚ್ಚುವ ಅಗತ್ಯವಿಲ್ಲ. ಅದರಲ್ಲಿ ಕೂಸುಗಳ ಬದಲು ಎಣ್ಣೆ ಕಾಯಿಸುವುದು, ಅಂಟು ಹುರಿಯುವುದು, ಬಟ್ಟೆಯ ಗೊಂಬೆಗೆ ಎರೆದು ತೋರಿಸುವುದು ಬರಬಹುದು. ಅತ್ತೆಯ ಕೈ ಕಾಣಲಿ, ಸೊಸೆಯ ಧ್ವನಿ ಕೇಳಲಿ ಎಂದು ಸೂಚಿಸಿದೆ.

ಬಾಣಂತಿಯ ಅಳುವಿನ ವಿಷಯಕ್ಕೆ ಒಂದು ಭೇಟಿಯನ್ನೇ ಮೀಸಲಿಟ್ಟೆ, ಸಹಾಯಕಿಯರನ್ನೂ ಕರೆಸಿದೆ. ಹೆರಿಗೆಯ ನಂತರದ ಮೊದಲ ದಿನಗಳಲ್ಲಿ ಅಳು ಬರುವುದು ಸಾಮಾನ್ಯ. ಆದರೆ ಎರಡು ವಾರ ದಾಟಿದರೂ ದುಃಖ ಇಳಿಯದಿದ್ದರೆ, ಕೂಸಿನ ಕಡೆ ಮನಸ್ಸೇ ಹೋಗದಿದ್ದರೆ, ಸಾಯುವ ಮಾತು ಬಾಯಿಗೆ ಬಂದರೆ ಎಣ್ಣೆ-ನೀರಿನಿಂದ ಸರಿಪಡಿಸುತ್ತೇನೆ ಎಂದು ಯಾರೂ ಹೊರಡಬಾರದು. ಆ ಬಾಣಂತಿಗೇ ಮೃದುವಾಗಿ ಹೇಳಿ, ಅವಳ ಒಪ್ಪಿಗೆಯಿಂದ ಮನೆಯವರಿಗೂ ತಿಳಿಸಿ ವೈದ್ಯರ ಬಳಿ ಕಳುಹಿಸಬೇಕು; ಪ್ರಾಣಾಪಾಯದ ಸೂಚನೆಯಿದ್ದರೆ ಮಾತ್ರ ಕಾಯದೆ ಕೂಡಲೇ ಮನೆಯವರನ್ನು ಎಚ್ಚರಿಸಬೇಕು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಯನ್ನು ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ಬರೆಸಿದೆ. ಬಾಣಂತಿ ಬಯಸಿದರೆ ಅಂತಹ ಕಷ್ಟದ ಕಥೆಯನ್ನು ಮುಂದೊಂದು ದಿನ ಅವಳೇ ಹೇಳಬಹುದು.

ಉದ್ಯಮದ ಮಾತು ಇಷ್ಟಾದರೂ ಸ್ಥಾನದ ಪ್ರಶ್ನೆ ಬಾಕಿಯಿತ್ತು. ಸೊಸೆಗೆ ತಿಂಗಳಿಗೆ ಗೊತ್ತಾದ ಮೊತ್ತವೊಂದು ಅವರದೇ ಖಾತೆಗೆ ಜಮೆಯಾಗಬೇಕೆಂಬ ನನ್ನ ಸಲಹೆಗೆ, ಮನೆಯ ಹಣದಲ್ಲಿ ಪಾಲು ಮಾಡುವುದೇನು ಎಂದು ಅತ್ತೆಯವರು ಮೊದಲು ಒಪ್ಪಲಿಲ್ಲ. ಸಹಾಯಕಿಯರಿಗೆ ಕೂಲಿ ಇದೆ, ಸೊಸೆಗೆ ಇಲ್ಲ ಎಂದು ಮಗನೇ ಹೇಳಿದ ಮೇಲೆ ಒಪ್ಪಿದರು. ಹೊಸ ಕಾರ್ಡಿನಲ್ಲಿ ಇಬ್ಬರ ಹೆಸರುಗಳೂ ಇವೆ. ಭಾವಚಿತ್ರ ಅತ್ತೆಯದೇ ಉಳಿದಿದೆ. ಸೊಸೆ ಅದನ್ನು ಬದಲಿಸಲು ಕೇಳಲಿಲ್ಲ. ವಿಮರ್ಶೆಯನ್ನು ದಿನಕ್ಕೊಮ್ಮೆ ಮಾತ್ರ, ಅದೂ ಹಗಲಿನಲ್ಲಿ, ಗಂಡನ ಜೊತೆ ಕುಳಿತು ನೋಡುವ ಕಟ್ಟಳೆಯನ್ನು ಸೊಸೆ ಪಾಲಿಸಿದ ಮೇಲೆ ಅವರ ನಿದ್ರೆ ಮೊದಲಿಗಿಂತ ಸುಧಾರಿಸಿತು.

ನೊಂದ ಮನೆಗೆ ಅತ್ತೆಯವರು ತಾವೇ ಫೋನ್ ಮಾಡಿ, ವಿಮರ್ಶೆ ತೆಗೆಯಿರಿ ಎಂಬ ಮಾತೆತ್ತದೆ, ಬಾಣಂತಿಯಲ್ಲಿ ಕ್ಷಮೆ ಕೇಳಬೇಕು. ಅವರು ಮಾತನಾಡಲು ಇಷ್ಟಪಡದಿದ್ದರೆ ಮತ್ತೆ ಪ್ರಯತ್ನಿಸಬಾರದು ಎಂದು ಹೇಳಿದ್ದೆ. ಬಾಣಂತಿ ಫೋನಿಗೆ ಬರಲಿಲ್ಲ, ಅವಳ ಅತ್ತೆ ಕೇಳಿಸಿಕೊಂಡರು. ವಿಮರ್ಶೆ ಹಾಗೆಯೇ ಇದೆ. ಆ ಮನೆಯ ಗುರುತಾಗಲಿ ಸಮರ್ಥನೆಯಾಗಲಿ ಇಲ್ಲದಂತೆ, ನಿಮ್ಮ ನೋವು ನ್ಯಾಯವಾದದ್ದು, ಇನ್ನು ಮುಂದೆ ಯಾವ ಮನೆಯ ವಿಷಯವೂ ನಮ್ಮಿಂದ ಹೊರಗೆ ಹೋಗದು ಎಂಬ ಎರಡು ಸಾಲಿನ ಉತ್ತರವನ್ನು ಸೊಸೆ ಬರೆದರು, ಅತ್ತೆ ಓದಿಸಿಕೊಂಡು ಒಪ್ಪಿದರು. ಅದೇ ಮಾತು ಈಗ ಹೊಸ ಮನೆಗಳಿಗೆ ಕೊಡುವ ಒಪ್ಪಂದದ ಹಾಳೆಯಲ್ಲಿ ದರಪಟ್ಟಿಗಿಂತ ಮೇಲೆ ಅಚ್ಚಾಗಿದೆ. ಸಹಾಯಕಿಯರಿಂದಲೂ ಅದಕ್ಕೆ ಸಹಿ ಪಡೆಯುವ ಕೆಲಸ ಇನ್ನೂ ಆಗಿಲ್ಲ, ಮುಂದಿನ ಭೇಟಿಗೆ ಅದನ್ನು ಇಟ್ಟುಕೊಂಡಿದ್ದೇವೆ.